ಕೌಸಲ್ಯಾಬಾಯಿಯನ್ನು ಹಾಡಿನಿಂದ ಕಾಪಾಡಿದ ಸಾಹೇಬರಿಗೆ

ಮಾನ್ಯ ದಾಳಿ ದಳದ ಸಾಹೇಬರೇ,

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿರುವ ಕೈಲಾಶನ ಬಾರಿನಿಂದ ನಿಮ್ಮ ದಳ 'ರಕ್ಷಿಸಿ' ಕರೆದೊಯ್ದ ಮಹಿಳೆಯ ಹೆಸರು ಕೌಸಲ್ಯಾಬಾಯಿ. ವಯಸ್ಸು ಅರವತ್ತು ದಾಟಿದೆ. ಅಂಗನವಾಡಿ ಕೆಲಸದಿಂದ ನಿವೃತ್ತರು, ಎರಡೂ ಮೊಣಕಾಲು ನೋವು. ಅವರನ್ನು ಯಾರಿಂದ ರಕ್ಷಿಸಿದಿರಿ ಎಂದು ಊರು ಕೇಳುತ್ತಿದೆ. ನನಗೂ ತಿಳಿಯದ ಕಾರಣ ನಿಮ್ಮನ್ನೇ ಕೇಳುತ್ತಿದ್ದೇನೆ.

ಮೊದಲು ಆ ಬಾರಿನ ವೈಭವ ಕೇಳಿ. ಇರುವುದು ಆರು ಮೇಜು, ಅದರಲ್ಲಿ ಒಂದಕ್ಕೆ ಇಟ್ಟಿಗೆಯೇ ಕಾಲು. ತಿನ್ನಲು ಹುರಿದ ಶೇಂಗಾ, ಬೇಯಿಸಿದ ಮೊಟ್ಟೆ. ರವಿವಾರ ಸಂಜೆ ಕೌಸಲ್ಯಾಬಾಯಿ ಹಾರ್ಮೋನಿಯಂ ಹಿಡಿದು ಹಾಡುತ್ತಾರೆ, ನಾನು ಢೋಲಕ್ ಬಾರಿಸುತ್ತೇನೆ. ಬಾಬಾಸಾಹೇಬರ ಹಾಡು ಒಂದಾದರೆ ಕವ್ವಾಲಿ ಒಂದು. ಇಬ್ಬರೂ ಕುಡಿಯುವವರಲ್ಲ. ಹಾಡು ನಡೆಯುವಾಗ ಯಾರೂ ಆರ್ಡರ್ ಕೊಡಕೂಡದು ಎಂಬುದು ಬಾಯಿಯವರ ಕಟ್ಟಪ್ಪಣೆ. ಸರ್ಕಾರದ ಖಜಾನೆಗೆ ನಷ್ಟ ಮಾಡಿದ ಆರೋಪ ಹೊರಿಸಿದ್ದರೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆವು. ಗೋವಾದ ದಂಡೆಯಲ್ಲಿ ಹೀಗೆ ಕೂತು ಹಾಡಿದರೆ ಪ್ರವಾಸೋದ್ಯಮ ಎನ್ನುತ್ತಾರಂತೆ. ಭಾಲ್ಕಿಗೆ ಸಮುದ್ರ ಬರಲಿಲ್ಲ, ಅದಕ್ಕೆ ನಿಮ್ಮ ಜೀಪು ಬಂತೇ?

ನಿಮ್ಮವರ ಕಣ್ಣಿಗೆ ಬಿದ್ದದ್ದು ಒಂದೇ ಒಂದು ನೋಟು. ದಾಲ್ ಮಿಲ್ಲಿನ ಹಮಾಲ ಪಂಢರಿ ಎದ್ದು ಬಂದು ಹತ್ತು ರೂಪಾಯಿಯ ನೋಟನ್ನು ಬಾಯಿಯವರ ತಲೆಯ ಸುತ್ತ ಇಳಿ ತೆಗೆದು ಹಾರ್ಮೋನಿಯಂ ಮೇಲಿಟ್ಟ. ನಮ್ಮ ಕಡೆ ಹಾಡು ಮನಸ್ಸಿಗೆ ಹಿಡಿಸಿದರೆ ಹಾಗೇ ಮಾಡುತ್ತಾರೆ, ಹಾಡಿದವರಿಗೆ ದೃಷ್ಟಿ ತಾಗದಿರಲಿ ಎಂದು. ಹಾಡುವವರು ಕೊಟ್ಟವನ ಹೆಸರು, ಊರು ಹೇಳಿ ಮುಂದಿನ ಸಾಲಿಗೆ ಹೋಗುತ್ತಾರೆ. ದರ್ಗಾದ ಕವ್ವಾಲಿಯಲ್ಲಿ, ಬುದ್ಧ ವಿಹಾರದ ಜಯಂತಿಯಲ್ಲಿ ನಿಮ್ಮ ಸಿಬ್ಬಂದಿ ಕೈಕಟ್ಟಿ ನಿಂತು ಇದನ್ನೇ ನೋಡಿದ್ದಾರೆ. ಅಲ್ಲಿ ಅದು ಸಂಪ್ರದಾಯ. ಬಾರಿನ ಹೊಸ್ತಿಲು ದಾಟಿದ ಕೂಡಲೇ 'ಮಹಿಳೆಯ ಮೇಲೆ ಹಣ ಎರಚಿ ಅಶ್ಲೀಲ ಮನರಂಜನೆ' ಆಗುತ್ತದೆಯೇ? ಎರಚುವುದಕ್ಕೆ ಪಂಢರಿಯ ಜೇಬಿನಲ್ಲಿ ಇನ್ನೊಂದು ನೋಟಾದರೂ ಇರಬೇಕಲ್ಲ, ಸಾಹೇಬರೇ!

ನಿಮ್ಮ ಮಹಿಳಾ ಸಿಬ್ಬಂದಿ ಓಡಿ ಬಂದು ಬಾಯಿಯವರ ತೋಳು ಹಿಡಿದರು. "ಅಂಜಬ್ಯಾಡ್ರಿ ಅಮ್ಮಾ, ನಿಮ್ಮನ್ನ ಬಿಡಿಸ್ಕೊಂಡು ಹೋಗ್ಲಿಕ್ಕ ಬಂದೇವಿ."

"ಯಾರ ಕೈಯಾಗಿಂದ್ರಿ?" ಎಂದರು ಬಾಯಿ. "ಹಾಡು ಇನ್ನಾ ಅರ್ಧಕ್ಕ ಅದ."

ಜೀಪು ಬೀದರಿನ ಒಂದು ಆಶ್ರಯ ಕೇಂದ್ರಕ್ಕೆ ಹೋಯಿತು. ಅಲ್ಲಿ ಒಬ್ಬ ಹುಡುಗಿ ಅವರಿಗೆ ಒಳ್ಳೆಯ ದಾರಿಯಲ್ಲಿ ಬದುಕುವುದು ಹೇಗೆಂದು ತಿಳಿಹೇಳಿದಳು. ಅಂಥ ಎಷ್ಟು ಹುಡುಗಿಯರಿಗೆ ಅವರ ಚಿಕ್ಕಂದಿನಲ್ಲಿ ಬಾಯಿ ಅಕ್ಷರ ತಿದ್ದಿಸಿದ್ದಾರೋ! ಆಮೇಲೆ ಪಾಲಕರು ಬಂದು ಸಹಿ ಹಾಕಿದರೆ ಮಾತ್ರ ಬಿಡುತ್ತೇವೆ ಎಂದರು.

"ನಮ್ಮಪ್ಪ ಅವ್ವ ಇಬ್ರೂ ತೀರ್ಕೊಂಡಾರ್ರಿ. ಎಲ್ಲಿಂದ ಕರ್ಕೊಂಡು ಬರ್ಲಿರಿ?" ಎಂದು ಬಾಯಿ ಕೇಳಿದರಂತೆ. ಇದನ್ನು ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕದ್ದು ಅದೇ ಕೊನೆ.

ಕೊನೆಗೆ ಔರಾದದಲ್ಲಿ ಶಿಕ್ಷಕಿಯಾಗಿರುವ ಮಗಳು ವಿಶಾಖಾ ಸಾಲಿ ಬಿಟ್ಟು ಬಸ್ಸು ಹತ್ತಿ ಬಂದು, 'ನನ್ನ ತಾಯಿ ಇನ್ನು ಮುಂದೆ ಇಂಥ ಕೃತ್ಯದಲ್ಲಿ ತೊಡಗುವುದಿಲ್ಲ' ಎಂದು ನೀವು ಬರೆಸಿದ ಮುಚ್ಚಳಿಕೆಗೆ ಸಹಿ ಹಾಕಿದಳು. ಹಾಕದಿದ್ದರೆ ತಾಯಿಯನ್ನು ಬಿಡುತ್ತಿರಲಿಲ್ಲ. ಕೃತ್ಯ! ಹಾಡಿಗೆ ನಿಮ್ಮ ಇಲಾಖೆ ಇಟ್ಟ ಹೆಸರು ಚೆನ್ನಾಗಿದೆ.

ಬಾರಿನ ಮಾತು ಬಿಡಿ, ಅದು ಹಾಡಿಲ್ಲದೆಯೂ ನಡೆಯುತ್ತದೆ. ಈಗ ವ್ಯಾಪಾರ ಮೊದಲಿಗಿಂತ ಜೋರಾಗಿದೆ, ನಿಮಗೆ ಅಭಿನಂದನೆಗಳು. ಆದರೆ ಕೌಸಲ್ಯಾಬಾಯಿ ವಿಹಾರದಲ್ಲೂ ಹಾಡುತ್ತಿಲ್ಲ. ರವಿವಾರ ಮುಂಜಾನೆ ವಂದನೆಗೆ ಬರುತ್ತಾರೆ, ಎಲ್ಲರೂ ದನಿ ಎತ್ತಿದಾಗ ತುಟಿ ಮುಚ್ಚಿ ಕೂರುತ್ತಾರೆ. ಯಾಕೆಂದು ಅವರ ಮನೆಗೇ ಹೋಗಿ ಕೇಳಿದೆ.

"ಮುಜೀಬಭಾಯಿ, ಬಾಯಿ ತೆಗೀಬೇಕಂದ್ರ ಯಾರೋ ತೋಳು ಹಿಡದಂಗ ಆಗ್ತದ್ರಿ. ಇಷ್ಟು ವರ್ಷ ನಾ ಏನರ ತಪ್ಪು ಮಾಡ್ಕೋತ ಬಂದೇನೇನ್ರಿ?"

ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಇಷ್ಟೆಲ್ಲ ಹಾಸ್ಯ ಮಾಡಿ ಬರೆದದ್ದು ಈ ಒಂದು ಮಾತು ಬರೆಯುವ ಧೈರ್ಯಕ್ಕಾಗಿ.

ನನ್ನ ಬೇಡಿಕೆ ಇಷ್ಟೇ. ಆ ಮುಚ್ಚಳಿಕೆ ರದ್ದಾಗಬೇಕು. ಅದನ್ನು ಅಂಚೆಯಲ್ಲಿ ಕಳಿಸಬೇಡಿ, ನೀವೇ ಬನ್ನಿ. ಹಗಲು ಹೊತ್ತಿನಲ್ಲಿ, ಓಣಿಯ ಜನ ನೋಡುವಂತೆ, ಅವರ ಬಾಗಿಲಲ್ಲಿ ನಿಂತು "ತಪ್ಪು ನಿಮ್ಮದಲ್ಲ, ನಮ್ಮದು" ಎಂದು ಬಾಯಿಬಿಟ್ಟು ಹೇಳಿ. ಒಂದು ಹಾಡು ಹೇಳಿ ಎಂದು ಕೇಳಿಕೊಳ್ಳಿ. ಅವರು ಒಲ್ಲೆ ಎಂದರೆ ಎದ್ದು ಹೋಗಬೇಡಿ, ಅಂಗಳದಲ್ಲೇ ಕೂತಿರಿ. ನಾವು ಆಗಲೇ ಕೂತಿದ್ದೇವೆ, ಸರಿದು ಜಾಗ ಕೊಡುತ್ತೇವೆ.

ಇಂತಿ,
ನಿಮ್ಮ ವರದಿಯಲ್ಲಿ 'ಪರಾರಿ' ಎಂದಿರುವ, ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ದಿನವಿಡೀ ಗಾದಿ ಹೊಲಿಯುತ್ತ ಕೂತಿರುವ,
ಢೋಲಕ್ ವಾದಕ ಮುಜೀಬೋದ್ದೀನ