ನನ್ನ ಲಾರಿಯ ಎರಡನೇ ಚಾಲಕ ಯಾರು?

ಸರಕು ಲಾರಿಗಳಿಗೆ ನ್ಯಾಷನಲ್ ಪರ್ಮಿಟ್ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ಒಂದು ವರ್ಷದಿಂದ ನನ್ನ ಲಾರಿಯಲ್ಲಿ ಇಲ್ಲದ ಮನುಷ್ಯನೊಬ್ಬ ಪ್ರಯಾಣ ಮಾಡುತ್ತಿದ್ದಾನೆ. ಅದರಿಂದ ನಿಮಗೆ ಯಾವ ತೊಂದರೆಯೂ ಆಗಿಲ್ಲ. ಇದ್ದ ಮನುಷ್ಯನನ್ನು ಮಾತ್ರ ಕೆಳಗಿಳಿಸಿದಿರಿ. ನನ್ನ ತಕರಾರು ಇದೇ. ಈ ಮಾರ್ಚ್ ಕೊನೆಗೆ ಪರ್ಮಿಟ್ ನವೀಕರಣದ ಅರ್ಜಿ ಕೊಡಬೇಕು. ಅದರಲ್ಲಿ ಮತ್ತೊಮ್ಮೆ ಆ ಇಲ್ಲದವನ ಹೆಸರು ಬರೆಯುವುದು ನನ್ನಿಂದಾಗುವುದಿಲ್ಲ.

ನಾನು ಇಳಕಲ್ಲಿನ ನೇಕಾರರ ಮನೆಯವನು. ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದು ಹದಿನಾರು ವರ್ಷವಾಯಿತು. ನಮ್ಮೂರ ಕೆಂಪು ಗ್ರಾನೈಟು ಹೇರಿಕೊಂಡು ಚೆನ್ನೈ ಬಂದರಿಗೆ ಹೋಗುತ್ತೇನೆ. ಹೊರರಾಜ್ಯಕ್ಕೆ ಹೋಗುವ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಮೈಚಾಚಿ ಮಲಗಲು ಹಿಂದೆ ಉದ್ದನೆಯ ಸೀಟಿರಬೇಕು ಎಂಬುದು ನಿಮ್ಮ ನಿಯಮ. ನಿಮ್ಮ ನಿಯಮಗಳಲ್ಲಿ ಮುಕ್ಕಾಲು ಪಾಲು ನನಗೆ ಅರ್ಥವಾಗಿಲ್ಲ. ಇದನ್ನು ಬರೆದವರು ಮಾತ್ರ ಎಂದೋ ಒಮ್ಮೆ ಲಾರಿಯಲ್ಲಿ ಒಬ್ಬರೇ ಹೋಗಿ ಬಂದಿರಬೇಕು ಅನ್ನಿಸಿತ್ತು.

ಮರೋಳದ ಹುಲ್ಲಪ್ಪ ನನ್ನ ಎರಡನೇ ಚಾಲಕ. ಅರ್ಜಿಯಲ್ಲಿ ಎರಡನೆಯವ, ಖರೆ ಹೇಳಬೇಕೆಂದರೆ ಮೊದಲನೆಯವ. ನನಗೆ ಗೇರು ಹಾಕಲು ಕಲಿಸಿದವನೇ ಅವನು. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರೂ ಏರಿನಲ್ಲಿ ಎಂಜಿನ್ನಿನ ದನಿ ಬದಲಾದರೆ ಸಾಕು, "ಲೇ, ಎರಡಕ್ಕ ಇಳಸು" ಎಂದು ಮಗ್ಗುಲು ಬದಲಿಸುತ್ತಿದ್ದ. ಓದು ಬಾರದವನು, ದಾರಿಯ ಬೋರ್ಡುಗಳನ್ನೆಲ್ಲ ನನ್ನಿಂದ ಓದಿಸಿ ಕೇಳುತ್ತಿದ್ದ. ಡಾಬಾದ ಹೆಸರಾಗಲಿ, ಮೂಲವ್ಯಾಧಿ ವೈದ್ಯರ ಜಾಹೀರಾತಾಗಲಿ, ಒಂದನ್ನೂ ಬಿಡುವ ಹಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಸಕ್ಕರೆ ಕಾಯಿಲೆಗೆ ಅವನ ಎಡಗಣ್ಣು ಹೋಯಿತು. ದವಾಖಾನೆಯವರು ಪ್ರಮಾಣಪತ್ರ ಕೊಡಲಿಲ್ಲ, ಲೈಸೆನ್ಸ್ ನವೀಕರಣವಾಗಲಿಲ್ಲ. ಅದು ಸರಿಯೇ, ಒಂದೇ ಕಣ್ಣಿನಲ್ಲಿ ಹದಿನೈದು ಟನ್ ಕಲ್ಲು ಓಡಿಸಲಿ ಎಂದು ನಾನೂ ಹೇಳುವುದಿಲ್ಲ. ಅವನೂ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಬರುತ್ತಿದ್ದ.

ಇನ್ನೊಬ್ಬ ಚಾಲಕ ಸಿಗಲಿಲ್ಲವೇ ಎಂದು ಕೇಳುವಿರಿ. ಇಬ್ಬರು ಬಂದರು, ಎರಡು ಟ್ರಿಪ್ಪಿಗೇ ಬೇರೆ ಗಾಡಿ ಸಿಕ್ಕಿತೆಂದು ಹೋದರು. ಕೊನೆಗೆ ಏಜೆಂಟರೊಬ್ಬರು ಶಿವಪುತ್ರ ಎಂಬವನ ಲೈಸೆನ್ಸಿನ ಝೆರಾಕ್ಸ್ ಕೊಟ್ಟರು. ನಾನು ಅದನ್ನೇ ಹೋದ ಮಾರ್ಚಿನ ಅರ್ಜಿಗೆ ಲಗತ್ತಿಸಿದೆ. ಆ ತಪ್ಪು ನನ್ನದು, ಮುಚ್ಚಿಡುವುದಿಲ್ಲ. ಫೋಟೋ ಇರಬೇಕಾದಲ್ಲಿ ಕಪ್ಪು ಮಸಿಯ ಆಚೀಚೆ ಎರಡು ಕಿವಿ ಮಾತ್ರ ಕಾಣುತ್ತವೆ. ಆಮೇಲೆ ವಿಚಾರಿಸಿದರೆ ಈ ಪುಣ್ಯಾತ್ಮ ಇನ್ನೂ ಐದು ಲಾರಿಗಳಲ್ಲಿ ಎರಡನೇ ಚಾಲಕನಂತೆ. ಒಂದೇ ಹೊತ್ತಿಗೆ ಮುಂಬೈಯಲ್ಲೂ ವಿಜಯವಾಡದಲ್ಲೂ ನಿದ್ದೆ ಮಾಡಬಲ್ಲವನಿಗೆ ಲೈಸೆನ್ಸ್ ಯಾಕೆ, ಗುಡಿಯನ್ನೇ ಕಟ್ಟಿಸಬಹುದಲ್ಲವೇ?

ಆಷಾಢದಲ್ಲಿ ಗಡಿಯ ಚೆಕ್‌ಪೋಸ್ಟೊಂದರಲ್ಲಿ ನಿಮ್ಮವರು ಗಾಡಿ ನಿಲ್ಲಿಸಿದರು. ಝೆರಾಕ್ಸ್ ನೋಡಿ ತೃಪ್ತರಾದರು. ಶಿವಪುತ್ರ ಎಲ್ಲಿ ಎಂದು ಕೇಳಲಿಲ್ಲ. ಹುಲ್ಲಪ್ಪನನ್ನು ತೋರಿಸಿ ಇವನ್ಯಾರು, ಕ್ಲೀನರೋ ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಗಾಡಿ ಕಲಿಸಿದವನನ್ನು ಅವನ ಎದುರಿಗೇ ಕ್ಲೀನರ್ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅವನೇ ಹೇಳಿದ: "ನಾ ಡ್ರೈವರ್ ಅದೀನ್ರಿ. ಮೂವತ್ನಾಲ್ಕು ವರ್ಷದ ಡ್ರೈವರ್." ಲೈಸೆನ್ಸ್ ಕೇಳಿದರು. ಅವಧಿ ಮುಗಿದದ್ದನ್ನೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹಾಗಾದರೆ ಇವನು ಪ್ರಯಾಣಿಕ, ಸರಕು ಗಾಡಿಯಲ್ಲಿ ಪ್ರಯಾಣಿಕರಿಗೆ ಜಾಗವಿಲ್ಲ ಎಂದು ಇಳಿಸಿದರು. ಅವನು ಚೀಲ ಹೆಗಲಿಗೇರಿಸಿ, ನೀ ಗಾಡಿ ಬಿಡು, ಮಾಲು ಮುಟ್ಟಬೇಕು ಎಂದ. ನಾನು ಬಿಟ್ಟೆ. ಗುರುತಿಲ್ಲದ ಊರಿನಲ್ಲಿ ಒಕ್ಕಣ್ಣಿನ ಮುದುಕನನ್ನು ಬಿಟ್ಟುಹೋದವನು ನಾನು, ನಿಮ್ಮ ಸಿಬ್ಬಂದಿಯಲ್ಲ, ಅದನ್ನೂ ದಾಖಲಿಸಿಕೊಳ್ಳಿ.

ಆಮೇಲೆ ಮೂರು ಸಲ ಮರೋಳಕ್ಕೆ ಹೋಗಿ ಕರೆದೆ. ಅವನ ಹೆಂಡತಿ ದುರಗವ್ವನೂ ಹೋಗಿ ಬಾ ಎಂದಳು. ಬೇಕಾದರೆ ಕ್ಲೀನರ್ ಎಂದೇ ಹೇಳೋಣ ಎಂದು ನಾನು ಬಾಯಿಬಿಟ್ಟೆ. ಅದಕ್ಕವನು, "ನನ್ನ ಹೆಸರಿಲ್ಲದ ಸೀಟಿನ್ಯಾಗ ನಾ ಹ್ಯಾಂಗ ಕೂಡ್ಲೋ ತಮ್ಮಾ?" ಎಂದ.

ಈಗ ಒಬ್ಬನೇ ಹೋಗುತ್ತೇನೆ. ಸರ್ಕಾರಕ್ಕೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ: ನನಗೆ ತಡೆಯಲಾರದಷ್ಟು ಒಂಟಿ ಅನ್ನಿಸುತ್ತದೆ. ಬೋರ್ಡುಗಳನ್ನು ಈಗಲೂ ಗಟ್ಟಿಯಾಗಿ ಓದುತ್ತೇನೆ. ನನ್ನ ಕಣ್ಣು ಮುಚ್ಚಿಹೋದರೆ ಎಬ್ಬಿಸುವವರು ಯಾರು? ನಿಮ್ಮ ಶಿವಪುತ್ರನೇ?

ಆದ್ದರಿಂದ ಈ ಸಲ ಎರಡನೇ ಚಾಲಕನ ಹೆಸರಿನ ಮುಂದೆ "ಯಾರೂ ಇಲ್ಲ" ಎಂದು ಬರೆದಿದ್ದೇನೆ. ಅದಕ್ಕೆ ಪರ್ಮಿಟ್ ಕೊಡದಿದ್ದರೆ ಬೇಡ. ರಾಜ್ಯದೊಳಗೇ ಬಾಗಲಕೋಟೆಯ ಸಿಮೆಂಟು ಹೇರುತ್ತೇನೆ. ಚೆನ್ನೈ ಇಲ್ಲದೆಯೂ ಬದುಕಬಹುದು. ಎಲ್ಲಿಗೆ ಹೋದರೂ ನನಗೆ ಬೇಕಾದದ್ದು ಒಂದೇ ಸಾಲಿನ ಆದೇಶ: ನಿವೃತ್ತ ಚಾಲಕ ಹುಲ್ಲಪ್ಪ ಈ ಲಾರಿಯಲ್ಲಿ ತನ್ನ ಹೆಸರಿನಲ್ಲೇ ಕೂರಬಹುದು. ಕ್ಲೀನರ್ ಎಂದು ಬರೆಯಬೇಡಿ, ಪ್ರಯಾಣಿಕ ಎಂದೂ ಬರೆಯಬೇಡಿ. ಆ ಕಾಗದವನ್ನು ನನಗೆ ಕಳಿಸದೆ ನೇರ ಮರೋಳಕ್ಕೆ, ಅವನ ವಿಳಾಸಕ್ಕೇ ಕಳಿಸಿ. ನಾನು ಕರೆದರೆ ಅವನು ಬರುವುದಿಲ್ಲ; ಇಳಿಸಿದವರೇ ಕರೆಯಬೇಕು.

ಇಂತಿ,
ನಿಮ್ಮ ಕಡತದ ಪ್ರಕಾರ ಒಂಟಿಯಲ್ಲದ
ವಿಜಯಮಹಾಂತೇಶ
ಇಳಕಲ್, ಮಾರ್ಚ್ ೨೦೦೪