ತೊಟ್ಟು ತಗೊಂಡ ಮೇಲೆ

ಹುಣಸೂರು
೧೧ ಫೆಬ್ರವರಿ ೧೯೫೭, ಸೋಮವಾರ ಬೆಳಿಗ್ಗೆ

ಮಗು ವೀರಭದ್ರ,

ನಿನಗೂ ಸೊಸೆ ನೀಲಾಂಬಿಕೆಗೂ ಈ ದೊಡ್ಡಪ್ಪ ಕಂಠಪ್ಪನ ಆಶೀರ್ವಾದ. ಮೈಸೂರಿನಲ್ಲಿ ಇಬ್ಬರೂ ಸೌಖ್ಯವೇ? ನಿನ್ನ ತಲೆನೋವು ಹೇಗಿದೆ? ಕನ್ನಡಕ ಹಾಕಿಸಿಕೊ ಎಂದರೆ ಈ ವಯಸ್ಸಿಗೇ ಬೇಡ ಎನ್ನುತ್ತೀಯಂತೆ. ಫೈಲಿಗೆ ಮೂಗು ತಾಗಿಸಿ ಓದುವ ವಕೀಲನನ್ನು ನೋಡಿ ಕಕ್ಷಿಗಾರ ಓಡಿಹೋದಾಗ ಗೊತ್ತಾಗುತ್ತದೆ. ಇಲ್ಲಿ ನಿನ್ನ ತಾಯಿ ಶಿವನಂಜಮ್ಮ ಚೆನ್ನಾಗಿದ್ದಾಳೆ, ನನ್ನ ಜೊತೆ ಜಗಳವಾಡುವಷ್ಟು ಶಕ್ತಿ ಇದೆ. ನನ್ನ ಮಂಡಿ ಇದ್ದ ಹಾಗೇ ಇದೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನು. ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಹೋದ ಸಲದ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸಿದರೆ ಅಲ್ಲಿಗೇ ಬಂದು ಕೆನ್ನೆಗೆ ಕೊಡುತ್ತೇನೆ.

ನಿನ್ನ ಅಪ್ಪನ ವಕೀಲಿ ಆಫೀಸಿನ ಬೋರ್ಡು ಇಳಿಸಿ ಆ ಕೋಣೆಯನ್ನು ಬಟ್ಟೆ ಅಂಗಡಿಯವನಿಗೆ ಕೊಡು ಎಂದು ದೀಪಾವಳಿಯಲ್ಲಿ ಹೇಳಿ ಹೋದೆ. ಇನ್ನೂ ಕೊಟ್ಟಿಲ್ಲ. ಯಾಕೆಂದು ಹೇಳಲಿಕ್ಕೇ ಈ ಕಾಗದ. ನೀನು ಅವತ್ತು ಹೊಸಿಲ ಮೇಲೆ ನಿಂತು, ಧರ್ಮದ ಕೇಸು ಹಿಡಿದುಕೊಂಡು ಊರೂರು ಅಲೆದು ಅಪ್ಪ ಸತ್ತ, ನಾನು ಹಾಗೆ ಸಾಯುವುದಿಲ್ಲ ಎಂದೆ. ನಿನ್ನ ತಾಯಿ ಅತ್ತಳು. ನೀನು ಹೇಳಿದ್ದು ಸುಳ್ಳಲ್ಲ. ನನ್ನ ತಮ್ಮ ಚನ್ನಬಸವಣ್ಣ ಈ ಆಫೀಸು ಇಟ್ಟ ಹೊಸದರಲ್ಲೇ ಆ ಚಾಳಿ ಹತ್ತಿತು. ಕೃಷ್ಣರಾಜನಗರದ ಕಡೆಯ ಒಬ್ಬ ಮುದುಕಿ ಹೊಲದ ಗಡಿ ತಂಟೆ ತಂದಿದ್ದಳು. ಫೀಸು ಬೇಡ ತಾಯಿ ಎಂದ. ಅವಳಿಗೆ ಕೋಪ ಬಂತು. "ಪುಕ್ಸಟ್ಟೆ ಮಾಡುಸ್ಕೊಳಕೆ ನಾನೇನ್ ತಿರ್ಕೋಳಾ?" ಎಂದು ಸಂಚಿಯಿಂದ ಒಂದು ವೀಳ್ಯದೆಲೆ ತೆಗೆದು ಅವನ ಮುಂದೆ ಹಿಡಿದಳು. ಅವನು ಎಲೆ ಇಟ್ಟುಕೊಂಡು, ತೊಟ್ಟು ಮುರಿದು ಅವಳ ಕೈಗೇ ಕೊಟ್ಟ. ಅಂದಿನಿಂದ ಅದೇ ಪದ್ಧತಿಯಾಯಿತು. ಪಿರಿಯಾಪಟ್ಟಣದ ಸಂತೆಯಲ್ಲೋ ಕಾಕನಕೋಟೆಯ ದಾರಿಯಲ್ಲೋ ಇವನಿಗೆ ಗತಿಯಿಲ್ಲದವರು ಸಿಕ್ಕರೆ, ಎಲೆ ಇವನಿಗೆ, ತೊಟ್ಟು ಅವರಿಗೆ. ಅವರು ಆ ತೊಟ್ಟನ್ನು ಹುಣಸೂರಿಗೆ ತಂದು ಆಫೀಸಿನಲ್ಲಿ ಯಾರ ಕೈಗೆ ಕೊಟ್ಟರೂ ಸರಿ, ತಗೊಂಡರೆ ಕೇಸು ಹಿಡಿದಂತೆ. ಆಮೇಲೆ ಬಿಡುವ ಹಾಗಿಲ್ಲ. ಒಂದನ್ನೂ ಅವನು ಬಿಡಲಿಲ್ಲ. ಜೋಡು ಸವೆಯುತ್ತದೆ ಎಂದು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ ವಕೀಲ ಈ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು, ದಡ್ಡ.

ಅವನು ಹೋಗಿ ಇದು ಮೂರನೇ ವರ್ಷ. ಸಂಕ್ರಾಂತಿ ಕಳೆದ ಮೇಲೆ ಗುರುಪುರದಿಂದ ದೊಡ್ಡಬೀರಯ್ಯ ಎಂಬ ಕುರಿಯವನು ಬಂದು ಜಗಲಿಯ ಕೆಳಗೆ ನಿಂತ. ಏನೋ ಎಂದೆ. ಮುಷ್ಟಿ ಬಿಚ್ಚಿದ. ಎಲೆಯ ತೊಟ್ಟು. "ವಕೀಲ್ರು ಸಿಕ್ಕಿದ್ರು ಕಣ್ರಣ್ಣ, ಕೊಟ್ರು" ಎಂದ. ಯಾವ ವಕೀಲನೋ, ಅವನು ಮಣ್ಣಾದದ್ದು ಊರಿಗೆಲ್ಲ ಗೊತ್ತು, ತಮಾಷೆ ಮಾಡುತ್ತೀಯಾ ಎಂದು ದೊಣ್ಣೆ ತಗೊಂಡೆ. ಅವನು ಓಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ನಂಗೂ ಗೊತ್ತು ಕಣ್ರಣ್ಣ. ಮಣ್ಗೆ ನಾನೂ ಬಂದಿದ್ದೆ. ಅದ್ಕೇಯ ಇಲ್ಲೀಗಂಟ ಕೇಳಕೆ ಬಂದೆ" ಎಂದು ಹೇಳಿ ತೊಟ್ಟನ್ನು ಮತ್ತೆ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಟುಹೋದ. ಹೆಂಡ ಕುಡಿದಿದ್ದಾನೆ ಎಂದು ನಿನ್ನ ತಾಯಿಗೆ ಹೇಳಿದೆ. ಕುಡಿದ ವಾಸನೆ ಇರಲಿಲ್ಲ.

ಹೋದ ವಾರ ಅಂತರಸಂತೆಯ ಆಚೆಯಿಂದ ಪುಟ್ಟಸಿದ್ದಮ್ಮ ಬಂದಳು. ಇವಳ ಗಂಡ ಕರಿಯಪ್ಪ ಕಾಕನಕೋಟೆಯ ಕಾಡಂಚಿನಲ್ಲಿ ದನ ಮೇಯಿಸುವವನು. ಕಾಡಿನಲ್ಲಿ ಆನೆಯೊಂದು ಸತ್ತು ಬಿದ್ದಿತ್ತು, ಯಾರೋ ದಂತ ಕೊಯ್ದುಕೊಂಡು ಹೋಗಿದ್ದರು. ಮೊದಲು ನೋಡಿದವನು ಇವನು. ನೋಡಿದ್ದನ್ನು ನೆಟ್ಟಗೆ ಹೋಗಿ ಫಾರೆಸ್ಟಿನವರಿಗೆ ಹೇಳಿದ. ಹೇಳಿದವನನ್ನೇ ಹಿಡಿದು ಒಳಗೆ ಹಾಕಿದ್ದಾರೆ. ಅವನ ಪರವಾಗಿ ಕೋರ್ಟಿನಲ್ಲಿ ಎದ್ದು ನಿಲ್ಲುವವರು ಯಾರೂ ಇಲ್ಲದಿದ್ದರೆ ಜೈಲು ಖಂಡಿತ, ಮನೆಯಲ್ಲಿ ಹಾಲು ಕುಡಿಯುವ ಕೂಸಿದೆ. ಇವಳೂ ಮುಷ್ಟಿ ಬಿಚ್ಚಿದಳು. ನನಗೆ ಮೈ ಉರಿಯಿತು. ಯಾರು ಕೊಟ್ಟರು ಹೇಳು, ಅವನ ಕಾಲು ಮುರಿಯುತ್ತೇನೆ ಎಂದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಕರೀಕೋಟು ಬುದ್ಧಿ, ಕಂಕ್ಳಲ್ಲಿ ಛತ್ರಿ. ಜೋಡ ಕೈಲಿ ಇಡ್ಕಂಡಿದ್ರು. ತಲೆ ಮ್ಯಾಲೆಲ್ಲಾ ಇಬೂತಿ. ಎಲೆ ಐತಾ ತಾಯಿ ಅಂದ್ರು, ಕೊಟ್ಟೆ. ಉಣಸೂರ್ಗೋಗು, ಜಗ್ಲೀಲಿ ನಮ್ಮಣ್ಣಯ್ಯ ಕೂತಿರ್ತಾನೆ, ಬಾಯ್ ಜೋರು, ಎದರ್ಕಬ್ಯಾಡ, ಕಚ್ಚಕಿಲ್ಲ ಅಂದ್ರು." ಆಮೇಲೆ ನೆನಪಾದವಳ ಹಾಗೆ, "ಅಣ್ಣಯ್ಯಂಗೆ ಎಡ್ಗಿವಿ ನೋವು, ಬೇವಿನೆಣ್ಣೆ ಬೆಚ್ಚಗ್ಮಾಡಿ ಬುಟ್ಕಳಕೇಳು ಅಂದ್ರು" ಎಂದಳು. ವೀರಭದ್ರ, ನನ್ನ ಎಡಗಿವಿ ಸಂಕ್ರಾಂತಿಯಿಂದ ನೋಯುತ್ತಿದೆ. ಯಾರಿಗೂ ಹೇಳಿಲ್ಲ. ನಿನ್ನ ತಾಯಿಗೂ ಹೇಳಿಲ್ಲ, ಹೇಳಿದರೆ ಕಷಾಯ ಕುಡಿಸುತ್ತಾಳೆ.

ನನಗೆ ಹೆದರಿಕೆಯಾಯಿತು, ಹೆದರಿಕೆಯಾದರೆ ನನಗೆ ಕೋಪ ಬರುತ್ತದೆ, ನಿನಗೆ ಗೊತ್ತಲ್ಲ. ಕೊಡು ಇಲ್ಲಿ, ಒಲೆಗೆ ಹಾಕುತ್ತೇನೆ ಎಂದು ಅವಳ ಅಂಗೈಯಿಂದ ತೊಟ್ಟನ್ನು ಕಿತ್ತುಕೊಂಡೆ. ಕಿತ್ತುಕೊಂಡ ಮೇಲೆ ತಿಳಿಯಿತು ನಾನು ಮಾಡಿದ್ದೇನೆಂದು. ಅವಳು ಉದ್ದಕ್ಕೂ ನೆಲಕ್ಕೆ ಬಿದ್ದಳು. "ತಕ್ಕಂಡ್ರಿ, ತಕ್ಕಂಡ್ರಿ ಬುದ್ಧಿ, ನಿಮ್ಮೊಟ್ಟೆ ತಣ್ಣಗಿರ್ಲಿ" ಎಂದು ಕಣ್ಣೊರೆಸಿಕೊಂಡು ಎದ್ದು, ಇನ್ನು ನನ್ನ ಒಂದು ಮಾತನ್ನೂ ಕೇಳದೆ ನಡೆದುಬಿಟ್ಟಳು. ಏ ಇದು ಹಾಗಲ್ಲ ಕಣೇ ಎಂದು ಬೀದಿಯ ತಿರುವಿನವರೆಗೂ ಈ ಕೆಟ್ಟ ಮಂಡಿ ಎಳೆದುಕೊಂಡು ಹೋಗಿ ಕೂಗಿದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ತಾಯಿ, "ಇಷ್ಟು ವರ್ಷ ಬೈಕೊಂಡೇ ಇದ್ರಿ ಭಾವ, ಕೊನೆಗೆ ನೀವೂ ವಕೀಲರಾದ್ರಲ್ಲ" ಎಂದು ನಕ್ಕಳು. ತೊಟ್ಟು ನನ್ನ ಬೆರಳಿಗೆ ತಣ್ಣಗೆ ಹತ್ತುತ್ತಿತ್ತು. ಅಂತರಸಂತೆಯ ಆಚೆಯಿಂದ ಬಿಸಿಲಿನಲ್ಲಿ ಮುಷ್ಟಿಯೊಳಗೆ ಬಂದದ್ದು, ಈಗ ತಾನೇ ಬಳ್ಳಿಯಿಂದ ಕಿತ್ತ ಹಾಗೆ ಮುರಿದ ತುದಿಯಲ್ಲಿ ರಸ ಒಸರುತ್ತಿತ್ತು.

ಆಮೇಲೆ ಆಫೀಸಿನ ಬೀಗ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಬೀಗದ ಕೈ ನನ್ನ ಉಡಿದಾರದಲ್ಲೇ ಇರುತ್ತದೆ, ನೀನು ಹೋದ ಮೇಲೆ ಒಳಗೆ ಯಾರೂ ಕಾಲಿಟ್ಟಿಲ್ಲ. ಮೇಜಿನ ಮೇಲೆ ಬೆರಳು ಮುಳುಗುವಷ್ಟು ಧೂಳು. ಆ ಧೂಳಿನ ಮೇಲೆ ವೀಳ್ಯದೆಲೆಗಳು, ಅವನು ಜೋಡಿಸುತ್ತಿದ್ದ ಹಾಗೇ ಒಂದರ ಮೇಲೊಂದು, ತುದಿ ಕಿಟಕಿಯ ಕಡೆಗೆ. ಒಂದಕ್ಕೂ ತೊಟ್ಟಿಲ್ಲ, ಒಂದೂ ಬಾಡಿಲ್ಲ. ಸುತ್ತ ಧೂಳಿನಲ್ಲಿ ಇಲಿಯ ಹೆಜ್ಜೆಯಷ್ಟೂ ಗುರುತಿಲ್ಲ. ನನ್ನ ಕೈಯಲ್ಲಿದ್ದ ತೊಟ್ಟನ್ನು ಮೇಲಿನ ಎಲೆಗೆ ಹಿಡಿದು ನೋಡಿದೆ. ಮುರಿದ ಜಾಗ ಹಲ್ಲಿಗೆ ಹಲ್ಲು ಕೂಡಿಕೊಂಡಿತು. ಬಾಗಿಲು ಎಳೆದುಕೊಂಡು ಬಂದೆ. ಅಂಗಡಿಯವನು ಮಾರನೇ ದಿನ ಬಂದು, ಕೋಣೆ ತೋರಿಸಿ ಎಂದ. ಅದನ್ನು ಕೊಡುವುದಿಲ್ಲ ಹೋಗಯ್ಯ ಎಂದೆ.

ಆಚೆ ಬೀದಿಯ ಬಸವರಾಜು ವಕೀಲನ ಮನೆಗೂ ಹೋಗಿ ಕೇಳಿದೆ, ನೀನು ನಿಲ್ಲಪ್ಪ ಎಂದು. ನಾನು ಹೀಗೆ ಒಬ್ಬರ ಮುಂದೆ ಕೈ ಹೊಸೆದದ್ದು ನಿನ್ನ ಅಪ್ಪನನ್ನು ಓದಿಸುವಾಗಲೇ ಕೊನೆ. "ಯಜಮಾನ್ರೇ, ತೊಟ್ಟು ತಗೊಂಡೋರು ನೀವು, ಏಳೋದು ನಾನಾ?" ಎಂದು ಕಾಫಿ ಕೊಟ್ಟು ಕಳಿಸಿದ. ಅವನ ಕಾಫಿಗಿಷ್ಟು ಮಣ್ಣು ಹಾಕ. ಈವತ್ತು ಹನ್ನೊಂದಕ್ಕೆ ಕರಿಯಪ್ಪನ ಕೇಸು ಕೂಗುತ್ತಾರಂತೆ. ನಾನೇ ಹೋಗಿ ಕೈಮುಗಿದು ವಾಯಿದೆ ಕೇಳುತ್ತೇನೆ. ನೀನು ಒಂದು ಸಲ ಬಂದು ಈ ಒಂದು ಕೇಸು ನಡೆಸಿಕೊಟ್ಟು ಹೋಗು. ಆಮೇಲೆ ಬೋರ್ಡು ಇಳಿಸುವುದು ಬಿಡುವುದು ನಿನ್ನಿಷ್ಟ. ನಾನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ನೀಲಾಂಬಿಕೆಗೆ ಹುಣಸೆ ತೊಕ್ಕು ಮಾಡಿಟ್ಟಿದ್ದಾಳೆ ನಿನ್ನ ತಾಯಿ. ಶಿವ ನಿಮ್ಮನ್ನು ನೆಟ್ಟಗಿಟ್ಟಿರಲಿ.

ಇಂತು ನಿನ್ನ ದೊಡ್ಡಪ್ಪ
ಕಂಠಪ್ಪ

ಮ.ವಿ.: ಟಪಾಲಿನ ಬಸ್ಸು ಹೊರಡುವುದರಲ್ಲಿದೆ, ನಿಂತೇ ಬರೆಯುತ್ತಿದ್ದೇನೆ. ಕೋರ್ಟಿಗೆ ಹೋಗಿ ಬಂದೆ. ಕರಿಯಪ್ಪನನ್ನು ಕಟಕಟೆಗೆ ತಂದರು, ಎಳೆಗರುವಿನ ಹಾಗೆ ನಡುಗುತ್ತಿದ್ದ. ಆರೋಪಿಯ ಪರ ಯಾರು ಎಂದು ಕೇಳಿದರು. ಹಿಂದಿನಿಂದ ನಾನು ಏಳುವುದಕ್ಕೆ ಮೊದಲೇ ವಕೀಲರ ಬೆಂಚಿನಿಂದ "ನಾನಿದ್ದೀನಿ ಸ್ವಾಮಿ" ಎಂದು ಕೇಳಿಸಿತು. ಮ್ಯಾಜಿಸ್ಟ್ರೇಟರು ಹೊಸಬರು, ತಲೆ ಎತ್ತದೆ ಬರೆದುಕೊಂಡು ಗುರುವಾರಕ್ಕೆ ಹಾಕಿದರು. ಬೆಂಚಿನ ಆ ತುದಿ ಖಾಲಿ ಇತ್ತು. ಈ ತುದಿಯಲ್ಲಿದ್ದ ಬಸವರಾಜು ಬೂದಿಯ ಹಾಗಾಗಿ ನನ್ನನ್ನು ನೋಡಿದ. ಆ ಗಂಟಲು ತೊಟ್ಟಿಲಿನಿಂದ ನಾನು ಕೇಳಿದ ಗಂಟಲು, ವೀರಭದ್ರ. ಆದರೆ ತುಂಬಾ ದಣಿದಿತ್ತು, ಮಾತಿನ ನಡುವೆ ಉಸಿರು ಎಳೆದುಕೊಂಡಿತು. ಕರಿಯಪ್ಪನಿಗಾಗಿ ನೀನು ಬರದಿದ್ದರೆ ಬೇಡ, ಆದರೆ ಗುರುವಾರ ನೀನು ಬರದಿದ್ದರೆ ನಿನ್ನ ಅಪ್ಪನೇ ಬರುತ್ತಾನೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ನಾನೇ ಗುಂಡಿಗಿಳಿದು, ಕಾಲು ಮಡಿಸಿ, ಬೆನ್ನಿಗೆ ಮಣ್ಣು ಕೊಟ್ಟು ಅವನನ್ನು ಕೂರಿಸಿ ಬಂದಿದ್ದೇನೆ. ಅವನನ್ನು ಮತ್ತೆ ಎದ್ದು ನಿಲ್ಲಿಸಬೇಡ ಮಗನೇ. ನೀನು ಬಂದು ನಿಲ್ಲು.