ದಿನವೂ ಏರುವ ಬಾವುಟ

ಅಮ್ಮಾ,

ನಿನ್ನ ಪ್ರೆಬೆನ್ ಈಗ ದಿನಾ ಬೆಳಿಗ್ಗೆ ಅಂಗಳದ ಕಂಬಕ್ಕೆ ಬಾವುಟ ಏರಿಸುತ್ತಾನೆ. ಈ ದೇಶದಲ್ಲಿ ಮನೆಯವರ ಹುಟ್ಟುಹಬ್ಬಕ್ಕೆ ಬಾವುಟ ಏರಿಸುವುದು ವಾಡಿಕೆಯಲ್ಲವೇ; ಇವತ್ತು ಯಾರ ಹುಟ್ಟುಹಬ್ಬ ಎಂದು ನೆರೆಯವರು ಕೇಳಿದರೆ ನಿನ್ನ ಹೆಸರು ಹೇಳುತ್ತಾನೆ. ನೀನು ತೀರಿಹೋಗಿ ಎಂಟು ತಿಂಗಳಾಯಿತು.

ಇವತ್ತು ಅವನ ಮೊದಲ ಹೆಂಡತಿಯ ಮಗಳು ಗಿಟ್ಟೆ ಓರ್ಹುಸ್‌ನಿಂದ ಬಂದಿದ್ದಳು. ಹೆರಿಂಗ್ ಮೀನಿನ ಊಟ ಮುಗಿಸಿ ತಟ್ಟೆ ಒರೆಸುವಾಗ ಹೇಳಿಯೇಬಿಟ್ಟೆ: "ಅಪ್ಪನ್ನ ಡಾಕ್ಟರಿಗೆ ತೋರ್ಸೋಣ ಕಣೇ. ನಿದ್ದೆನೂ ಮಾಡ್ತಿಲ್ಲ."

"ಹದಿನೈದು ವರ್ಷ ಪ್ರೆಬೆನ್ ಅಂತಿದ್ದೋಳು ಈಗ ಅಪ್ಪ ಅಂತೀಯಾ?" ಎಂದಳು. "ಅವನಿಗೆ ಸಂಕಟ ಅಷ್ಟೇ. ತಲೆ ಕೆಟ್ಟಿಲ್ಲ."

ನಾನು ಇನ್ನೊಂದು ತಟ್ಟೆ ಎತ್ತಿಕೊಂಡೆ. ಅವನು ಮಂಕಾಗಿ ಕೂತಿರುತ್ತಾನೆ ಎಂದು ಹಿಂದೊಮ್ಮೆ ನೀನು ಫೋನಿನಲ್ಲಿ ಅತ್ತಾಗ, "ನಿನ್ನ ಗಂಡ, ನೀನೇ ನೋಡ್ಕೋ" ಅಂದವಳು ನಾನು.

ಹೊತ್ತು ಮುಳುಗುವ ಮೊದಲು ಬಾವುಟ ಇಳಿಸಬೇಕಲ್ಲ, ಅವನ ಜೊತೆ ನಾನೂ ಹೊರಗೆ ಹೋದೆ. ಇಬ್ಬರೂ ಒಂದೊಂದು ತುದಿ ಹಿಡಿದು ಮಡಿಸಿದೆವು.

"ನೆಲಕ್ಕೆ ತಾಗಿಸ್ಬೇಡ, ಅವಳು ಬೈತಾಳೆ" ಎಂದ. ಆಮೇಲೆ ಮೆಲ್ಲಗೆ, "ನಾಳೆ ಅವಳ ಹುಟ್ಟುಹಬ್ಬ. ಈ ಸಲನಾದ್ರೂ ಒಂದು ಫೋನ್ ಮಾಡಮ್ಮ."

ಬಾಗಿಲಲ್ಲಿದ್ದ ಗಿಟ್ಟೆಗೂ ಅದು ಕೇಳಿಸಿತು. ಅವಳ ಕೈಯಲ್ಲಿ ತಟ್ಟೆ ಹಾಗೇ ಉಳಿಯಿತು.

"ಮಾಡ್ತೀನಿ" ಎಂದೆ.